ಆತ್ಮಜ್ಞಾನವೂ ರಾಜ್ಯಾಕಾಂಕ್ಷೆಯೂ

ಪರರನ್ನು ಆಳಬೇಕೆಂಬ ಇಚ್ಛೆಯು ಮಾನವನಲ್ಲಿ ಎಷ್ಟು ಪ್ರಾಚೀನವಾದುದೋ, ಹಾಗೆ ಆಳಲು ಹೊರಟವನು ತನ್ನನ್ನು ತಾನು ಆಳಿಕೊಳ್ಳಬಲ್ಲನೇ ಎಂಬ ಪ್ರಶ್ನೆಯೂ ಅಷ್ಟೇ ಪ್ರಾಚೀನವಾದುದು. ನಮ್ಮ ಹಿರಿಯರು ಯವನರೆಂದು ಕರೆದ ಗ್ರೀಕ್ ಜನರ ಇತಿಹಾಸದಲ್ಲಿ ಈ ಪ್ರಶ್ನೆಯು ಗ್ರಂಥಗಳ ಪುಟಗಳಲ್ಲಿ ಮಾತ್ರ ಉಳಿಯದೆ, ಒಬ್ಬ ಗುರುವಿನ ಪ್ರಾಣವನ್ನೂ, ಒಬ್ಬ ಶಿಷ್ಯನ ಬಾಳನ್ನೂ, ಒಂದು ಮಹಾನಗರದ ವೈಭವವನ್ನೂ ಒರೆಗೆ ಹಚ್ಚಿತು. ಆ ಗುರುವು ಸಾಕ್ರೆಟೀಸನು. ಆ ಶಿಷ್ಯನು ಆಲ್ಸಿಬಯಡೀಸನು. ಆ ನಗರವು ಅಥೆನ್ಸ್. ಗುರುಸನ್ನಿಧಿಯಲ್ಲಿ ಅರಿವನ್ನು ಅರಸುವ ಶ್ರೀಮಠದ ಸದ್ಭಕ್ತರಿಗೆ ಈ ಚರಿತ್ರೆಯು ದೂರದೇಶದ್ದಾದರೂ ಅನ್ಯವೆನಿಸಲಾರದೆಂದು ನಂಬಿ, ಅದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸಿದೆ.

ಗ್ರೀಸ್ ದೇಶದ ನಡುಭಾಗದಲ್ಲಿ, ಪಾರ್ನಾಸಸ್ ಪರ್ವತದ ತೆಂಕಣ ಇಳಿಜಾರಿನಲ್ಲಿ ಡೆಲ್ಫಿ ಎಂಬ ಕ್ಷೇತ್ರವುಂಟು. ಅಲ್ಲಿಯ ಅಪಾಲೋ ದೇವನ ಆಲಯದಲ್ಲಿ ಪಿಥಿಯಾ ಎಂಬ ಬಿರುದಿನ ಅರ್ಚಕಿಯು ದೇವರ ಆವೇಶದಿಂದ ನುಡಿಯುತ್ತಿದ್ದಳು. ಯುದ್ಧಕ್ಕೆ ಹೊರಡುವ ಅರಸರೂ, ಹೊಸ ಊರುಗಳನ್ನು ಕಟ್ಟಲು ಕಡಲು ದಾಟುವ ಜನರೂ ಮೊದಲು ಅಲ್ಲಿಗೆ ಬಂದು ದೇವರ ಅಪ್ಪಣೆಯನ್ನು ಕೇಳುವುದು ವಾಡಿಕೆಯಾಗಿದ್ದಿತು. ಆ ಆಲಯದ ಮುಂಭಾಗದಲ್ಲಿ ಕೆತ್ತಲ್ಪಟ್ಟಿದ್ದ ಸೂಕ್ತಿಗಳಲ್ಲಿ ಎರಡು ಲೋಕಪ್ರಸಿದ್ಧವಾಗಿವೆ. ನಿನ್ನನ್ನು ನೀನು ತಿಳಿ ಎಂಬುದು ಒಂದು. ಯಾವುದೂ ಅತಿಯಾಗದಿರಲಿ ಎಂಬುದು ಇನ್ನೊಂದು. ಇವು ಗ್ರೀಕರ ಸಪ್ತಜ್ಞಾನಿಗಳು ದೇವರಿಗೆ ಅರ್ಪಿಸಿದ ನುಡಿಗಳೆಂದು ಪ್ರತೀತಿಯಿದ್ದಿತು. ಮೊದಲನೆಯ ಸೂಕ್ತಿಗೆ ಆದಿಯಲ್ಲಿದ್ದ ಅರ್ಥವು ಸರಳವಾದುದು: ಎಲೈ ಮಾನವನೇ, ನೀನು ದೇವನಲ್ಲ, ಮರ್ತ್ಯನು, ನಿನ್ನ ಎಲ್ಲೆಯನ್ನು ಅರಿತು ನಡೆ, ಎಂಬುದೇ ಅದರ ತಾತ್ಪರ್ಯವು.

ಈ ಎಚ್ಚರಿಕೆಯು ಅಧಿಕಾರವನ್ನು ಬಯಸುವವರಿಗೆ ಎಷ್ಟು ಅವಶ್ಯವಾದುದೆಂಬುದನ್ನು ಇತಿಹಾಸಕಾರನಾದ ಹೆರೊಡೋಟಸನು ಲಿಡಿಯಾ ದೇಶದ ಅರಸನಾದ ಕ್ರೀಸಸನ ಕಥೆಯಲ್ಲಿ ತೋರಿಸಿದ್ದಾನೆ. ಅಪಾರ ಧನಿಕನಾದ ಆ ಅರಸನು ಪಾರಸಿಕರ ಮೇಲೆ ದಂಡೆತ್ತಿ ಹೋಗಬಹುದೇ ಎಂದು ಡೆಲ್ಫಿಯಲ್ಲಿ ಕೇಳಿಸಿದನು. ಹೋದರೆ ಒಂದು ಮಹಾರಾಜ್ಯವು ನಾಶವಾಗುವುದೆಂದು ಉತ್ತರವು ಬಂದಿತು. ಯಾರ ರಾಜ್ಯವೆಂದು ಮರಳಿ ಕೇಳುವಷ್ಟು ವ್ಯವಧಾನವು ಅವನಿಗೆ ಇರಲಿಲ್ಲ. ಹೇಲಿಸ್ ನದಿಯನ್ನು ದಾಟಿದನು, ಕ್ರಿ. ಪೂ. ೫೪೬ರ ಸುಮಾರಿಗೆ ಸೈರಸ್ ಚಕ್ರವರ್ತಿಯ ಕೈಗೆ ಸೆರೆಸಿಕ್ಕಿದನು. ನಾಶವಾದ ಮಹಾರಾಜ್ಯವು ಅವನದೇ ಆಗಿದ್ದಿತು. ದೇವವಾಣಿಯನ್ನು ಕೇಳಲು ಹೋದವನು ದ್ವಾರದ ಮೇಲಿನ ಮಾತನ್ನು ಲಕ್ಷ್ಯಕ್ಕೆ ತಂದುಕೊಳ್ಳದೆ ಹೋದನೆಂದು ಈ ಕಥೆಯಿಂದ ನಾವು ಭಾವಿಸಬಹುದು.

ಇನ್ನು ಅಥೆನ್ಸ್ ನಗರದ ವಿಚಾರ. ಕ್ರಿ. ಪೂ. ೫ನೆಯ ಶತಮಾನದಲ್ಲಿ ಅಲ್ಲಿ ಅರಸನಿರಲಿಲ್ಲ. ವಯಸ್ಕರಾದ ಪುರುಷ ಪೌರರೆಲ್ಲರೂ ಪ್ನಿಕ್ಸ್ ಎಂಬ ಗುಡ್ಡದ ಮೇಲೆ ಕೂಡಿ ಯುದ್ಧ, ಸಂಧಿ, ಕಾನೂನು, ಕಂದಾಯ ಇವೇ ಮೊದಲಾದ ವಿಷಯಗಳನ್ನು ತಾವೇ ನಿರ್ಣಯಿಸುತ್ತಿದ್ದರು. ಸ್ತ್ರೀಯರಿಗೂ, ದಾಸರಿಗೂ, ಪರಸ್ಥಳದಿಂದ ಬಂದು ನೆಲೆಸಿದವರಿಗೂ ಆ ಸಭೆಯಲ್ಲಿ ಸ್ಥಾನವಿರಲಿಲ್ಲ. ೫೦೦ ಮಂದಿಯ ಆಲೋಚನಾಸಭೆಯನ್ನು ಚೀಟಿ ಎತ್ತಿ ಆರಿಸುತ್ತಿದ್ದರು; ೧೦ ಮಂದಿ ಸೇನಾಧಿಪತಿಗಳನ್ನು ಮಾತ್ರ ವರ್ಷಕ್ಕೊಮ್ಮೆ ಮತದಿಂದ ಚುನಾಯಿಸುತ್ತಿದ್ದರು. ಹೀಗಿದ್ದುದರಿಂದ ಅಲ್ಲಿ ಅಧಿಕಾರಕ್ಕೇರುವ ಸೋಪಾನವೆಂದರೆ ಮಾತು. ಜನಸಭೆಯನ್ನು ಮಾತಿನಿಂದ ಒಲಿಸಿಕೊಂಡವನೇ ನಾಯಕನು. ಈ ಮಾತಿನ ವಿದ್ಯೆಯನ್ನು ಕಲಿಸುವುದಕ್ಕೆ ಪ್ರೊಟಾಗೊರಸ್, ಗಾರ್ಜಿಯಸ್ ಮೊದಲಾದ ಸೋಫಿಸ್ಟರೆಂಬ ಪಂಡಿತರು ಊರಿಂದೂರಿಗೆ ಸಂಚರಿಸುತ್ತ, ಶ್ರೀಮಂತರ ಮಕ್ಕಳಿಂದ ಹೇರಳವಾದ ಸಂಭಾವನೆಯನ್ನು ಪಡೆಯುತ್ತಿದ್ದರು. ಯಾವ ಪಕ್ಷವನ್ನಾದರೂ ಸಮರ್ಥಿಸುವ ಚಾತುರ್ಯವು ಅಲ್ಲಿ ಕ್ರಯಕ್ಕೆ ದೊರೆಯುತ್ತಿದ್ದಿತು. ಸಮರ್ಥಿಸತಕ್ಕ ಪಕ್ಷವು ಯಾವುದೆಂಬ ವಿವೇಕವು ದೊರೆಯುತ್ತಿರಲಿಲ್ಲ.

ಇಂತಹ ನಗರದಲ್ಲಿ ಕ್ರಿ. ಪೂ. ೪೬೯ರ ಸುಮಾರಿಗೆ ಶಿಲ್ಪಿಯ ಮಗನಾಗಿ ಸಾಕ್ರೆಟೀಸನು ಜನಿಸಿದನು. ತಾಯಿಯು ಸೂಲಗಿತ್ತಿಯಾಗಿದ್ದಳು. ಆತನು ಯಾವ ಗ್ರಂಥವನ್ನೂ ಬರೆಯಲಿಲ್ಲ, ಪಾಠಶಾಲೆಯನ್ನು ತೆರೆಯಲಿಲ್ಲ, ಒಂದು ಕಾಸನ್ನೂ ಯಾರಿಂದಲೂ ಸ್ವೀಕರಿಸಲಿಲ್ಲ. ತಾನು ಯಾರಿಗೂ ಉಪಾಧ್ಯಾಯನಲ್ಲವೆಂದೇ ಆತನು ಹೇಳುತ್ತಿದ್ದನು. ಆತನನ್ನು ಗುರುವೆಂದು ಕರೆಯುವುದು ನಮ್ಮ ಸಂಪ್ರದಾಯದ ಮಾತು. ಚೇರೆಫನ್ ಎಂಬ ಮಿತ್ರನೊಬ್ಬನು ಡೆಲ್ಫಿಗೆ ಹೋಗಿ, ಸಾಕ್ರೆಟೀಸನಿಗಿಂತ ಜ್ಞಾನಿಗಳುಂಟೇ ಎಂದು ಕೇಳಲು, ಇಲ್ಲವೆಂದು ದೇವವಾಣಿಯಾಯಿತು. ಇದನ್ನು ಕೇಳಿ ಸಾಕ್ರೆಟೀಸನು ಹಿಗ್ಗಲಿಲ್ಲ, ಬೆರಗಾದನು. ತನಗೇನೂ ತಿಳಿಯದೆಂಬುದನ್ನು ಬಲ್ಲ ತನ್ನನ್ನು ದೇವರು ಹೀಗೇಕೆ ನುಡಿದನೆಂದು ಪರೀಕ್ಷಿಸುವುದಕ್ಕಾಗಿ ರಾಜಕಾರಣಿಗಳನ್ನೂ, ಕವಿಗಳನ್ನೂ, ಕುಶಲಕರ್ಮಿಗಳನ್ನೂ ಕ್ರಮವಾಗಿ ಪ್ರಶ್ನಿಸುತ್ತ ಹೋದನು. ಎಲ್ಲರೂ ತಿಳಿಯದುದನ್ನು ತಿಳಿದಂತೆ ಭಾವಿಸಿಕೊಂಡಿದ್ದರು. ತನ್ನ ಅಜ್ಞಾನವು ತನಗೆ ತಿಳಿದಿದ್ದುದೊಂದೇ ಆತನ ಹೆಚ್ಚುಗಾರಿಕೆಯಾಗಿ ಕಂಡಿತು. ಡೆಲ್ಫಿಯ ಸೂಕ್ತಿಯು ಆತನ ಕೈಯಲ್ಲಿ ಹೀಗೆ ಹೊಸ ಆಳವನ್ನು ಪಡೆಯಿತು. ಹಣ, ಕೀರ್ತಿ, ಪದವಿಗಳಿಗಾಗಿ ಇಷ್ಟು ಶ್ರಮಿಸುವ ನೀವು ನಿಮ್ಮ ಆತ್ಮದ ಹಿತಕ್ಕಾಗಿ ಎಷ್ಟು ಶ್ರಮಿಸಿದ್ದೀರಿ ಎಂಬುದೇ ಆತನು ಬೀದಿಬೀದಿಯಲ್ಲಿ ಕೇಳಿದ ಪ್ರಶ್ನೆಯ ಸಾರವು.

ಆಲ್ಸಿಬಯಡೀಸನು ಜನಿಸಿದ್ದು ಕ್ರಿ. ಪೂ. ೪೫೦ರ ಸುಮಾರಿಗೆ. ಕುಲ, ರೂಪ, ಐಶ್ವರ್ಯ, ಬುದ್ಧಿ, ಶೌರ್ಯ, ಇವುಗಳಲ್ಲಿ ಯಾವುದನ್ನೂ ದೈವವು ಅವನಿಗೆ ಕಡಿಮೆ ಮಾಡಿರಲಿಲ್ಲ. ತಂದೆಯಾದ ಕ್ಲೈನಿಯಸನು ಕ್ರಿ. ಪೂ. ೪೪೭ರಲ್ಲಿ ಕೊರೋನಿಯಾ ಎಂಬಲ್ಲಿ ನಡೆದ ಯುದ್ಧದಲ್ಲಿ ಮಡಿದನು. ಅಥೆನ್ಸಿನ ಅಗ್ರಗಣ್ಯ ನಾಯಕನಾದ ಪೆರಿಕ್ಲೀಸನು ಬಾಲಕನಿಗೆ ಪೋಷಕನಾದನು. ಕ್ರಿ. ಪೂ. ೪೩೨ರಲ್ಲಿ ಪೊಟಿಡಿಯಾ ಎಂಬ ಊರಿನ ಬಳಿ ನಡೆದ ಕಾಳಗದಲ್ಲಿ ಆಲ್ಸಿಬಯಡೀಸನು ಗಾಯಗೊಂಡು ಬಿದ್ದಾಗ ಅವನನ್ನೂ ಅವನ ಆಯುಧಗಳನ್ನೂ ರಕ್ಷಿಸಿದವನು ಸಾಕ್ರೆಟೀಸನೇ. ಶೌರ್ಯದ ಬಹುಮಾನವು ಆತನಿಗೆ ಸಲ್ಲಬೇಕಾಗಿದ್ದರೂ, ಅದು ಶಿಷ್ಯನಿಗೇ ಸಲ್ಲಲೆಂದು ಆತನು ಸೇನಾಧಿಪತಿಗಳನ್ನು ಒತ್ತಾಯಪಡಿಸಿದನು. ಇಂತಹ ಸ್ನೇಹವು ಅವರಿಬ್ಬರದು.

ಪ್ಲೇಟೋ ಮಹಾಶಯನ ಕೃತಿಗಳಲ್ಲಿ ಆಲ್ಸಿಬಯಡೀಸನ ಹೆಸರನ್ನೇ ಹೊತ್ತ ಒಂದು ಸಂವಾದವುಂಟು. ೧೯ನೆಯ ಶತಮಾನದ ಆದಿಭಾಗದಿಂದೀಚೆಗೆ, ಅದು ಪ್ಲೇಟೋವಿನ ಸ್ವಹಸ್ತದ್ದೋ ಅಥವಾ ಆತನ ಸಂಪ್ರದಾಯದ ಬೇರೊಬ್ಬನದೋ ಎಂದು ವಿದ್ವಾಂಸರಲ್ಲಿ ವಾದವುಂಟಾಗಿದೆ. ಕರ್ತೃವು ಯಾರೇ ಆಗಿರಲಿ, ಪ್ರಕೃತವಿಷಯವನ್ನು ಅಷ್ಟು ನೇರವಾಗಿ ಹಿಡಿದ ಗ್ರಂಥವು ಗ್ರೀಕ್ ವಾಙ್ಮಯದಲ್ಲಿ ವಿರಳವು. ಅದರ ಕಥಾವಸ್ತುವು ಹೀಗಿದೆ. ಇನ್ನೂ ಇಪ್ಪತ್ತು ತುಂಬದ ಆಲ್ಸಿಬಯಡೀಸನು ಕೆಲವೇ ದಿನಗಳಲ್ಲಿ ಜನಸಭೆಯ ಮುಂದೆ ನಿಂತು ಅಥೆನ್ಸಿನ ಜನರಿಗೆ ಉಪದೇಶ ಮಾಡಬೇಕೆಂದು ಸಿದ್ಧನಾಗಿದ್ದಾನೆ. ಸಾಕ್ರೆಟೀಸನು ಅವನನ್ನು ಸಂಧಿಸಿ, ಅವನ ಹೃದಯದಲ್ಲಿ ಅಡಗಿರುವ ಆಸೆಯನ್ನು ಬಿಚ್ಚಿ ಹೇಳುತ್ತಾನೆ. ಅಥೆನ್ಸನ್ನು ಆಳಿದರೆ ಸಾಲದು, ಗ್ರೀಸ್ ದೇಶವನ್ನು ಆಳಿದರೂ ಸಾಲದು. ಯೂರೋಪು ಖಂಡವೆಲ್ಲವೂ ನಿನ್ನದು, ಏಷ್ಯಾಕ್ಕೆ ಮಾತ್ರ ಕಾಲಿಡಬೇಡವೆಂದು ದೇವರೇ ಹೇಳಿದರೂ ಆ ಬಾಳು ನಿನಗೆ ಬೇಡವೆನಿಸುವುದು ಎನ್ನುತ್ತಾನೆ. ತರುಣನು ಅದನ್ನು ಅಲ್ಲಗಳೆಯುವುದಿಲ್ಲ.

ಅಲ್ಲಿಂದ ಪ್ರಶ್ನೆಗಳ ಪರಂಪರೆಯು ಮೊದಲಾಗುತ್ತದೆ. ಯಾವ ವಿಷಯದಲ್ಲಿ ನೀನು ಜನರಿಗೆ ಬುದ್ಧಿ ಹೇಳುವೆ? ನೀನು ಕಲಿತದ್ದು ಅಕ್ಷರ, ವೀಣೆ, ಮಲ್ಲವಿದ್ಯೆ; ಜನಸಭೆಯು ಇವುಗಳನ್ನು ಚರ್ಚಿಸಲು ಕೂಡುವುದಿಲ್ಲ. ಕಟ್ಟಡವನ್ನು ಕಟ್ಟಬೇಕಾದರೆ ಅವರು ಕಟ್ಟಡದವನನ್ನೇ ಕೇಳುವರು. ಯುದ್ಧಸಂಧಿಗಳ ವಿಷಯದಲ್ಲಿ ಹೇಳುವೆನೆಂದು ತರುಣನು ಉತ್ತರಿಸಿದರೆ, ಯಾರೊಡನೆ ಯುದ್ಧವು ನ್ಯಾಯವಾದುದು, ಯಾರೊಡನೆ ಅನ್ಯಾಯವಾದುದು ಎಂಬುದನ್ನು ನೀನು ಯಾವ ಗುರುವಿನಿಂದ ಕಲಿತೆ ಎಂದು ಸಾಕ್ರೆಟೀಸನು ಕೇಳುತ್ತಾನೆ. ಬಹುಜನರಿಂದ ಕಲಿತೆನು, ಗ್ರೀಕ್ ಭಾಷೆಯನ್ನು ಕಲಿತಂತೆ, ಎಂದು ಉತ್ತರವು ಬರುತ್ತದೆ. ಕಲ್ಲು, ಮರ ಎಂಬ ಮಾತುಗಳ ಅರ್ಥದಲ್ಲಿ ಬಹುಜನರಿಗೆ ಭೇದವಿಲ್ಲ, ಆದುದರಿಂದ ಭಾಷೆಯನ್ನು ಅವರು ಕಲಿಸಬಲ್ಲರು. ನ್ಯಾಯಾನ್ಯಾಯಗಳ ವಿಷಯದಲ್ಲಾದರೋ ಅವರು ಒಬ್ಬರನ್ನೊಬ್ಬರು ಕೊಲ್ಲುವಷ್ಟು ಭಿನ್ನಮತಿಗಳಾಗಿದ್ದಾರೆ. ನಿನ್ನ ತಂದೆಯು ಕೊರೋನಿಯಾದಲ್ಲಿ ಮಡಿದದ್ದು ಇಂತಹ ಭೇದದಿಂದಲೇ ಅಲ್ಲವೇ, ಎಂದು ಸಾಕ್ರೆಟೀಸನು ತೋರಿಸಿಕೊಡುತ್ತಾನೆ. ತಂದೆಯ ಮರಣದ ನೆನಪನ್ನು ಆ ಘಳಿಗೆಯಲ್ಲಿ ತಂದದ್ದು ನಿಷ್ಠುರವೆನಿಸಬಹುದು. ಆದರೆ ತನ್ನ ಅಜ್ಞಾನದ ಬೆಲೆಯನ್ನು ಯಾರು ತೆರುತ್ತಾರೆಂಬುದನ್ನು ಆಳಲು ಹೊರಟ ತರುಣನು ಅರಿಯಬೇಕಾಗಿದ್ದಿತು. ತಿಳಿಯದಿರುವುದು ಒಂದು ದೋಷವು. ತಿಳಿದಿದ್ದೇನೆಂಬ ಭ್ರಮೆಯೊಡನೆ ತಿಳಿಯದಿರುವುದು ಇಮ್ಮಡಿ ದೋಷವು. ಈ ಎರಡನೆಯದು ರಾಜ್ಯಾಡಳಿತದಂತಹ ಮಹಾಕಾರ್ಯಗಳಲ್ಲಿ ಸೇರಿದಾಗಲೇ ಅತ್ಯಂತ ಅನಾಹುತಕಾರಿಯಾಗುತ್ತದೆಂದು ಈ ಭಾಗದ ನಿರ್ಣಯವು.

ಅಥೆನ್ಸಿನ ಇತರ ನಾಯಕರೂ ನನ್ನಂತೆಯೇ ಅಶಿಕ್ಷಿತರಲ್ಲವೇ ಎಂದು ಆಲ್ಸಿಬಯಡೀಸನು ತಪ್ಪಿಸಿಕೊಳ್ಳಲು ನೋಡುತ್ತಾನೆ. ನಿನ್ನ ಸ್ಪರ್ಧಿಗಳು ಅವರಲ್ಲ, ಸ್ಪಾರ್ಟಾದ ರಾಜರು ಮತ್ತು ಪಾರಸಿಕ ಚಕ್ರವರ್ತಿ, ಎಂದು ಸಾಕ್ರೆಟೀಸನು ನೆನಪು ಮಾಡುತ್ತಾನೆ. ಪಾರಸಿಕ ರಾಜಪುತ್ರನಿಗೆ ನಾಲ್ವರು ಶಿಕ್ಷಕರು. ಪರಮಜ್ಞಾನಿಯಾದವನು ದೇವಾರಾಧನೆಯನ್ನೂ ರಾಜಧರ್ಮವನ್ನೂ, ಪರಮನ್ಯಾಯವಂತನು ಸತ್ಯವನ್ನೂ, ಪರಮಸಂಯಮಿಯು ಸುಖಕ್ಕೆ ದಾಸನಾಗದಿರುವುದನ್ನೂ, ಪರಮಧೀರನು ನಿರ್ಭಯವನ್ನೂ ಕಲಿಸುತ್ತಾರೆ. ನಿನಗಾದರೋ ಪೆರಿಕ್ಲೀಸನು ನೇಮಿಸಿದ್ದು, ಮುಪ್ಪಿನಿಂದ ಬೇರೆ ಕೆಲಸಕ್ಕೆ ಬಾರದ ಜೊಪೈರಸ್ ಎಂಬ ದಾಸನನ್ನು. ಈ ಮಾತಿನಿಂದ ತರುಣನ ಗರ್ವವು ಇಳಿಯುತ್ತದೆ. ತಾನು ಏನು ಮಾಡಬೇಕೆಂದು ಕೇಳುತ್ತಾನೆ. ಡೆಲ್ಫಿಯ ಸೂಕ್ತಿಯಂತೆ ನಡೆ ಎಂಬುದೇ ಉತ್ತರವು.

ತನ್ನನ್ನು ತಿಳಿಯುವುದೆಂದರೆ ಯಾವುದನ್ನು ತಿಳಿಯುವುದು? ಇಲ್ಲಿಯ ತರ್ಕವು ಸುಲಭವಾದ ದೃಷ್ಟಾಂತದಿಂದ ಸಾಗುತ್ತದೆ. ಪಾದರಕ್ಷೆ ಮಾಡುವವನು ರಂಪಿಗೆಯನ್ನು ಉಪಯೋಗಿಸುತ್ತಾನೆ; ಉಪಯೋಗಿಸುವವನು ಬೇರೆ, ಉಪಯೋಗಿಸಲ್ಪಡುವ ವಸ್ತು ಬೇರೆ. ಅವನು ಕೈಗಳನ್ನೂ ಕಣ್ಣುಗಳನ್ನೂ ಉಪಯೋಗಿಸುತ್ತಾನೆ. ಆದುದರಿಂದ ಅವನು ಕೈಯಲ್ಲ, ಕಣ್ಣಲ್ಲ. ಮಾನವನು ಇಡಿಯ ದೇಹವನ್ನೇ ಉಪಯೋಗಿಸುತ್ತಾನೆ. ಹಾಗಾದರೆ ಅವನು ದೇಹವಲ್ಲ, ದೇಹವನ್ನು ಉಪಯೋಗಿಸುವ ಆತ್ಮವು. ಹೀಗೆ ಮೂರು ವಸ್ತುಗಳು ಬೇರ್ಪಡುತ್ತವೆ: ತಾನು, ತನ್ನದು, ತನ್ನದರದು. ಆತ್ಮವು ತಾನು, ದೇಹವು ತನ್ನದು, ಧನಕನಕ ಪದವಿಗಳು ತನ್ನದರದು. ಮೂರನೆಯದಕ್ಕಾಗಿ ಎರಡನೆಯದನ್ನು ಸವೆಸಿ, ಮೊದಲನೆಯದನ್ನು ಮರೆತಿರುವ ಸ್ಥಿತಿಯೇ ಲೋಕದ ಸಾಮಾನ್ಯ ಸ್ಥಿತಿಯು.

ಆ ಬಳಿಕ ಸಂವಾದದ ಅತ್ಯಂತ ರಮಣೀಯವಾದ ದೃಷ್ಟಾಂತವು ಬರುತ್ತದೆ. ಕಣ್ಣು ತನ್ನನ್ನು ತಾನು ನೋಡಲಾರದು. ಇನ್ನೊಬ್ಬರ ಕಣ್ಣಿನೊಳಗೆ, ಅದರಲ್ಲೂ ನೋಟದ ಶಕ್ತಿಯು ನೆಲೆಸಿರುವ ಪಾಪೆಯಲ್ಲಿ ನೋಡಿದರೆ ಮಾತ್ರ ತನ್ನ ಪ್ರತಿಬಿಂಬವನ್ನು ಕಾಣುತ್ತದೆ. ಅದರಂತೆಯೇ ಆತ್ಮವೂ ತನ್ನನ್ನು ಅರಿಯಬೇಕಾದರೆ ಇನ್ನೊಂದು ಆತ್ಮವನ್ನು, ಅದರಲ್ಲೂ ಜ್ಞಾನವು ನೆಲೆಸಿರುವ ಅದರ ದಿವ್ಯಭಾಗವನ್ನು ನೋಡಬೇಕು. ಆತ್ಮಜ್ಞಾನವೆಂದರೆ ಏಕಾಂತದಲ್ಲಿ ಕುಳಿತು ತನ್ನನ್ನೇ ತಾನು ಮೆಚ್ಚಿಕೊಳ್ಳುವುದಲ್ಲವೆಂದೂ, ಅದಕ್ಕೆ ಸತ್ಸಂಗವು ಅಗತ್ಯವೆಂದೂ ಇದರಿಂದ ಸಿದ್ಧವಾಗುತ್ತದೆ. ನಗರಕ್ಕೆ ಬೇಕಾದುದು ಕೋಟೆ, ನೌಕೆ, ಹಡಗುಕಟ್ಟೆಗಳಿಗಿಂತ ಮೊದಲು ಸದ್ಗುಣವು. ತನ್ನಲ್ಲಿಲ್ಲದುದನ್ನು ನಾಯಕನು ಪರರಿಗೆ ಕೊಡಲಾರನು. ಸದ್ಗುಣವು ಕೈಗೂಡುವವರೆಗೆ ಆಳುವುದಕ್ಕಿಂತ ಉತ್ತಮರ ಆಳಿಕೆಯಲ್ಲಿರುವುದೇ ಲೇಸು. ಇಷ್ಟನ್ನು ಒಪ್ಪಿಕೊಂಡು, ಇಂದಿನಿಂದ ನ್ಯಾಯವನ್ನು ಅರಸುವೆನೆಂದು ಆಲ್ಸಿಬಯಡೀಸನು ಮಾತು ಕೊಡುತ್ತಾನೆ. ಸಾಕ್ರೆಟೀಸನು ಸಂತೋಷಪಟ್ಟರೂ ಒಂದು ಭಯವನ್ನು ನುಡಿಯುತ್ತಾನೆ: ಈ ನಗರದ ಬಲವು ನಿನ್ನನ್ನೂ ನನ್ನನ್ನೂ ಮೀರಿಸೀತೆಂಬ ಭಯವದು. ಈ ಭಯದೊಡನೆಯೇ ಗ್ರಂಥವು ಮುಗಿಯುತ್ತದೆ. ಬರೆದವನಿಗೂ ಓದಿದವರಿಗೂ ಮುಂದೆ ನಡೆದದ್ದು ತಿಳಿದಿದ್ದಿತು.

ಸಾಕ್ರೆಟೀಸನು ರಾಜಕಾರ್ಯವನ್ನೇ ಹೀನವೆಂದು ಎಣಿಸಿದನೆಂದು ಇದರಿಂದ ತಿಳಿಯಕೂಡದು. ಆತನ ಇನ್ನೊಬ್ಬ ಶಿಷ್ಯನಾದ ಝೆನೊಫನನು ಎರಡು ಪ್ರಸಂಗಗಳನ್ನು ಬರೆದಿಟ್ಟಿದ್ದಾನೆ. ಪ್ಲೇಟೋವಿನ ಸೋದರನಾದ ಗ್ಲಾಕನನು ಇಪ್ಪತ್ತು ತುಂಬುವ ಮೊದಲೇ ಸಭೆಯಲ್ಲಿ ಮಾತನಾಡಲು ಹೋಗಿ ನಗೆಗೀಡಾಗುತ್ತಿದ್ದನು. ಬಂಧುಗಳು ಯಾರೂ ಅವನನ್ನು ತಡೆಯಲಾರದೆ ಹೋದರು. ಸಾಕ್ರೆಟೀಸನು ಅವನನ್ನು ಕರೆದು, ನಗರದ ಆದಾಯವೆಷ್ಟು, ವೆಚ್ಚವೆಷ್ಟು, ಸೈನ್ಯಬಲವೆಷ್ಟು, ಬೆಳ್ಳಿಯ ಗಣಿಗಳ ಉತ್ಪತ್ತಿಯು ಏಕೆ ಕುಗ್ಗಿದೆ, ಧಾನ್ಯವು ಎಷ್ಟು ದಿನಕ್ಕೆ ಸಾಕಾದೀತು ಎಂದು ಒಂದೊಂದಾಗಿ ಕೇಳಿದನು. ತರುಣನಲ್ಲಿ ಯಾವುದಕ್ಕೂ ಉತ್ತರವಿರಲಿಲ್ಲ. ಹತ್ತು ಸಾವಿರಕ್ಕೂ ಮಿಕ್ಕ ಮನೆಗಳ ನಗರವನ್ನು ಸುಧಾರಿಸುವ ಮೊದಲು ನಿನ್ನ ಸೋದರಮಾವನ ಒಂದು ಮನೆಯನ್ನು ಸುಧಾರಿಸಿ ನೋಡಬಾರದೇ ಎಂದು ಆತನು ಹೇಳಿದನು. ಆ ಸೋದರಮಾವನಾದ ಚಾರ್ಮಿಡೀಸನಿಗಾದರೋ ಆತನು ಕೊಟ್ಟ ಉಪದೇಶವು ವಿಪರೀತವಾದುದು. ಸಮರ್ಥನಾಗಿದ್ದೂ ಸಭೆಗೆ ಅಂಜಿ ಹಿಂಜರಿಯುತ್ತಿದ್ದ ಅವನನ್ನು, ನಿನ್ನ ಶಕ್ತಿಯನ್ನು ನೀನರಿಯದೆ ನಗರಕ್ಕೆ ನಷ್ಟವನ್ನುಂಟುಮಾಡುತ್ತೀಯೆ ಎಂದು ಮುಂದಕ್ಕೆ ತಳ್ಳಿದನು. ಒಬ್ಬನನ್ನು ತಡೆದು ಇನ್ನೊಬ್ಬನನ್ನು ಪ್ರೇರಿಸಿದ ಈ ಎರಡು ಉಪದೇಶಗಳ ಮೂಲವು ಒಂದೇ: ತನ್ನ ಅಳತೆಯನ್ನು ತಾನರಿತವನೇ ಕಾರ್ಯಕ್ಕೆ ಅರ್ಹನು.

ಆಲ್ಸಿಬಯಡೀಸನು ಗುರುವಿನ ಮಾತನ್ನು ಅರಿಯದೆ ಕೆಟ್ಟವನಲ್ಲ, ಅರಿತೂ ಕೆಟ್ಟವನು. ಪ್ಲೇಟೋವಿನ ‘ಸಿಂಪೋಸಿಯಂ’ ಎಂಬ ಸಂವಾದದಲ್ಲಿ ಅವನು ಮದ್ಯಪಾನದಿಂದ ಮತ್ತನಾಗಿ ಬಂದು ತನ್ನ ಅಂತರಂಗವನ್ನು ತೆರೆದಿಡುತ್ತಾನೆ. ಲೋಕದಲ್ಲಿ ತನಗೆ ನಾಚಿಕೆಯನ್ನುಂಟುಮಾಡುವ ಮನುಷ್ಯನು ಸಾಕ್ರೆಟೀಸನೊಬ್ಬನೇ. ಆತನ ಮಾತನ್ನು ಕೇಳಿದರೆ ಕಣ್ಣೀರು ಬರುತ್ತದೆ. ತನ್ನ ಕೊರತೆಗಳನ್ನು ತುಂಬಿಕೊಳ್ಳದೆ ಅಥೆನ್ಸಿನ ವ್ಯವಹಾರಗಳಲ್ಲಿ ತೊಡಗಿರುವೆನೆಂದು ಮನಸ್ಸು ಒಪ್ಪುತ್ತದೆ. ಆದರೂ ಕಿವಿಗಳನ್ನು ಮುಚ್ಚಿಕೊಂಡು ಓಡಿಹೋಗುತ್ತೇನೆ. ಹೊರಗೆ ಬಂದೊಡನೆ ಜನರ ಜಯಘೋಷಕ್ಕೆ ಸೋತುಬಿಡುತ್ತೇನೆ, ಎಂಬುದು ಅವನ ಮಾತಿನ ಸಾರಾಂಶವು. ಅರಿವು ಮೂಡಿದ ಕ್ಷಣದಲ್ಲಿಯೇ ಅದಕ್ಕೆ ಬೆನ್ನು ತಿರುಗಿಸುವ ಜೀವನ ಚಿತ್ರವು ಇದಕ್ಕಿಂತ ಸ್ಪಷ್ಟವಾಗಿ ದೊರೆಯಲಾರದು.

ಆ ಜಯಘೋಷದ ಬೆಲೆಯನ್ನು ಇತಿಹಾಸವು ಲೆಕ್ಕವಿಟ್ಟಿದೆ. ಕ್ರಿ. ಪೂ. ೪೧೬ರ ಒಲಿಂಪಿಕ್ ಉತ್ಸವದಲ್ಲಿ ಅವನು ಏಳು ರಥಗಳನ್ನು ಓಡಿಸಿ ಮೊದಲನೆಯ, ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳನ್ನು ಪಡೆದನು. ಮರುವರ್ಷ ಆ ಕೀರ್ತಿಯನ್ನೇ ಮುಂದಿಟ್ಟುಕೊಂಡು, ಸಿಸಿಲಿ ದ್ವೀಪದ ಮೇಲೆ ದಂಡಯಾತ್ರೆ ಮಾಡಬೇಕೆಂದು ಜನಸಭೆಯನ್ನು ಹುರಿದುಂಬಿಸಿದನು. ಹಿರಿಯ ಸೇನಾನಿಯಾದ ನಿಸಿಯಸನ ವಿವೇಕವಚನಗಳು ವ್ಯರ್ಥವಾದುವು. ಸಿಸಿಲಿಯನ್ನೂ ಕಾರ್ಥೇಜನ್ನೂ ಗೆದ್ದು ಧನವನ್ನೂ ಕೀರ್ತಿಯನ್ನೂ ತಾನು ಸಂಪಾದಿಸಬೇಕೆಂಬುದು ಅವನ ಅಂತರಂಗದ ಆಸೆಯಾಗಿದ್ದಿತೆಂದು ಸಮಕಾಲೀನ ಇತಿಹಾಸಕಾರನಾದ ಥ್ಯೂಸಿಡಿಡೀಸನು ಹೇಳಿದ್ದಾನೆ. ೧೩೪ ಸಮರನೌಕೆಗಳೂ, ೫,೧೦೦ ಭಾರಾಯುಧದ ಕಾಲಾಳುಗಳೂ ಸಿಸಿಲಿಗೆ ಸಾಗಿದರು. ಹೊರಡುವ ಮುನ್ನ ನಗರದ ಹರ್ಮಿಸ್ ದೇವತಾಸ್ತಂಭಗಳನ್ನು ಯಾರೋ ರಾತ್ರಿಯಲ್ಲಿ ಭಗ್ನಗೊಳಿಸಿದ್ದರು. ಈ ಸಂಬಂಧದ ವಿಚಾರಣೆಯಲ್ಲಿ, ಪವಿತ್ರವಾದ ರಹಸ್ಯವ್ರತಗಳನ್ನು ಅಣಕಿಸಿದನೆಂಬ ಆರೋಪವು ಆಲ್ಸಿಬಯಡೀಸನ ಮೇಲೆ ಬಂದಿತು. ಅವನನ್ನು ಹಿಂದಕ್ಕೆ ಕರೆಸಲು ಹಡಗನ್ನು ಕಳುಹಿಸಿದರು. ಅವನು ದಾರಿಯಲ್ಲಿ ತಪ್ಪಿಸಿಕೊಂಡು ವೈರಿಗಳಾದ ಸ್ಪಾರ್ಟಾದವರನ್ನು ಸೇರಿದನು. ಸಿಸಿಲಿಯ ಸಿರಾಕ್ಯೂಸ್ ನಗರಕ್ಕೆ ಸೇನಾನಿಯನ್ನು ಕಳುಹಿಸಿರೆಂದೂ, ಅಥೆನ್ಸಿನ ನೆಲದಲ್ಲಿಯೇ ಡೆಸಿಲಿಯಾ ಎಂಬಲ್ಲಿ ಕೋಟೆಯನ್ನು ಹಿಡಿಯಿರೆಂದೂ ತನ್ನ ತಾಯ್ನಾಡಿನ ಮರ್ಮಸ್ಥಾನಗಳನ್ನು ಅವರಿಗೆ ತೋರಿಸಿಕೊಟ್ಟನು. ಕ್ರಿ. ಪೂ. ೪೧೩ರಲ್ಲಿ ಅಥೆನ್ಸಿನ ಸೇನೆಯು ಸಿಸಿಲಿಯಲ್ಲಿ ನಿರ್ನಾಮವಾಯಿತು. ಏಳು ಸಾವಿರಕ್ಕೆ ಕಡಿಮೆಯಿಲ್ಲದ ಸೆರೆಯಾಳುಗಳನ್ನು ಸಿರಾಕ್ಯೂಸಿನ ಕಲ್ಲುಗಣಿಗಳಲ್ಲಿ ಕೂಡಿಹಾಕಿದರು. ಅವರಲ್ಲಿ ಅನೇಕರು ಅಲ್ಲಿಯೇ ಅಸುನೀಗಿದರು.

ಸ್ಪಾರ್ಟಾದಲ್ಲಿಯೂ ಅವನಿಗೆ ನೆಲೆಯಿಲ್ಲದಾಗಲು ಪಾರಸಿಕ ಮಾಂಡಲಿಕನ ಆಶ್ರಯಕ್ಕೆ ಹೋದನು, ಕ್ರಿ. ಪೂ. ೪೧೧ರಲ್ಲಿ ಅಥೆನ್ಸಿನ ನೌಕಾಸೈನ್ಯವನ್ನೇ ಮರಳಿ ಸೇರಿದನು, ಕ್ರಿ. ಪೂ. ೪೧೦ರಲ್ಲಿ ಸಿಜಿಕಸ್ ಎಂಬಲ್ಲಿ ದೊಡ್ಡ ಜಯವನ್ನು ದೊರಕಿಸಿದನು, ಕ್ರಿ. ಪೂ. ೪೦೭ರಲ್ಲಿ ಅಥೆನ್ಸ್ ಅವನನ್ನು ಹೂಮಾಲೆಗಳಿಂದ ಎದುರುಗೊಂಡಿತು. ಮರುವರ್ಷವೇ ಅವನ ಅಧೀನನಾದ ಚುಕ್ಕಾಣಿಗನೊಬ್ಬನು ನೋಷಿಯಂ ಎಂಬಲ್ಲಿ ಸೋತುದರಿಂದ ಅವನು ಅಧಿಕಾರವನ್ನು ಕಳೆದುಕೊಂಡು ದೇಶವನ್ನು ಬಿಟ್ಟನು. ಕ್ರಿ. ಪೂ. ೪೦೪ರಲ್ಲಿ ಅಥೆನ್ಸ್ ಸ್ಪಾರ್ಟಾಕ್ಕೆ ಶರಣಾಯಿತು. ಅದೇ ವರ್ಷ ಫ್ರಿಜಿಯಾ ಪ್ರಾಂತದಲ್ಲಿ ಆಲ್ಸಿಬಯಡೀಸನು ಕೊಲೆಯಾದನು. ಅಥೆನ್ಸ್, ಸ್ಪಾರ್ಟಾ, ಪಾರಸಿಕ ಈ ಮೂರು ರಾಜ್ಯಗಳ ಆಚಾರಗಳನ್ನೂ ತನ್ನದಾಗಿಸಿಕೊಳ್ಳಬಲ್ಲ ಚತುರನಿಗೆ ತನ್ನದೆಂಬ ಸ್ವರೂಪವೊಂದು ನೆಲೆಗೊಳ್ಳಲಿಲ್ಲ.

ದೋಷವು ಅವನೊಬ್ಬನದೇ ಅಲ್ಲ. ತನ್ನನ್ನು ಅರಿಯದ ಮದವು ನಗರಕ್ಕೇ ಹಿಡಿದಿದ್ದಿತು. ಕ್ರಿ. ಪೂ. ೪೧೬ರಲ್ಲಿ, ತಟಸ್ಥವಾಗಿರಬಯಸಿದ ಮೀಲೋಸ್ ಎಂಬ ಪುಟ್ಟ ದ್ವೀಪವನ್ನು ಮುತ್ತಿ, ಶರಣಾದ ಬಳಿಕ ಅಲ್ಲಿಯ ವಯಸ್ಕ ಪುರುಷರನ್ನು ಕೊಂದು, ಸ್ತ್ರೀಯರನ್ನೂ ಮಕ್ಕಳನ್ನೂ ದಾಸ್ಯಕ್ಕೆ ಮಾರಿದ್ದು ಆ ಪ್ರಜಾಪ್ರಭುತ್ವವೇ. ಕ್ರಿ. ಪೂ. ೪೦೬ರಲ್ಲಿ ಅರ್ಗಿನೂಸಿ ದ್ವೀಪಗಳ ಬಳಿ ನೌಕಾಯುದ್ಧವನ್ನು ಗೆದ್ದ ಸೇನಾಧಿಪತಿಗಳು, ಬಿರುಗಾಳಿಯಿಂದಾಗಿ ನೀರಿಗೆ ಬಿದ್ದವರನ್ನು ಎತ್ತಲಿಲ್ಲವೆಂಬ ಕಾರಣದಿಂದ, ಅವರೆಲ್ಲರನ್ನೂ ಒಂದೇ ಮತದಿಂದ ಕಾನೂನಿಗೆ ವಿರುದ್ಧವಾಗಿ ದಂಡಿಸಿ, ಕೈಗೆ ಸಿಕ್ಕಿದ ಆರು ಮಂದಿಯನ್ನು ಕೊಲ್ಲಿಸಿದ್ದೂ ಅದೇ ಸಭೆಯು. ಅಂದು ಸಭೆಯ ನಿರ್ವಾಹಕ ಮಂಡಲಿಯಲ್ಲಿ ಚೀಟಿಯಿಂದ ಆಯ್ಕೆಗೊಂಡು ಕುಳಿತಿದ್ದ ಸಾಕ್ರೆಟೀಸನೊಬ್ಬನು ಮಾತ್ರ, ಜನರ ಕೂಗಿಗೆ ಅಂಜದೆ, ಕಾನೂನಿಗೆ ವಿರುದ್ಧವಾದುದನ್ನು ಮಾಡಲಾರೆನೆಂದು ನಿಂತನು.

ಇದಕ್ಕಿಂತ ವಿಚಿತ್ರವಾದುದು ಕ್ರಿಟಿಯಸನ ವೃತ್ತಾಂತವು. ಅವನು ಪ್ಲೇಟೋವಿನ ತಾಯಿಯ ದಾಯಾದಿ; ಸಾಕ್ರೆಟೀಸನ ಸಹವಾಸದಲ್ಲಿದ್ದವನು. ‘ಚಾರ್ಮಿಡೀಸ್’ ಎಂಬ ಪ್ಲೇಟೋವಿನ ಸಂವಾದದಲ್ಲಿ, ಸಂಯಮವೆಂದರೇನೆಂಬ ಪ್ರಶ್ನೆಗೆ ಅದು ತನ್ನನ್ನು ತಾನರಿಯುವುದೇ ಎಂದು ಡೆಲ್ಫಿಯ ಸೂಕ್ತಿಯನ್ನು ಉದಾಹರಿಸಿ ಉತ್ತರ ಹೇಳುವವನು ಈ ಕ್ರಿಟಿಯಸನೇ. ಅಥೆನ್ಸ್ ಸೋತ ಮೇಲೆ ಕ್ರಿ. ಪೂ. ೪೦೪ರಲ್ಲಿ ಸ್ಪಾರ್ಟಾದ ಬೆಂಬಲದಿಂದ ಅಧಿಕಾರಕ್ಕೆ ಬಂದ ಮೂವತ್ತು ಮಂದಿ ಪ್ರಜಾಪೀಡಕರಿಗೆ ಮುಖಂಡನಾದವನೂ ಈ ಕ್ರಿಟಿಯಸನೇ. ಅವರ ಅಲ್ಪಕಾಲದ ಆಳಿಕೆಯಲ್ಲಿ ಒಂದೂವರೆ ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಜನರು ಹತರಾದರೆಂದು ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ಅಥೆನ್ಸಿನ ರಾಜ್ಯವ್ಯವಸ್ಥೆಯ ಗ್ರಂಥವು ಹೇಳುತ್ತದೆ. ಸಲಾಮಿಸ್ ದ್ವೀಪದ ಲಿಯೋನನೆಂಬ ನಿರಪರಾಧಿಯನ್ನು ಕೊಲ್ಲಿಸಲು ಹಿಡಿದು ತರಬೇಕೆಂದು ಅವರು ಸಾಕ್ರೆಟೀಸನಿಗೂ ಇತರ ನಾಲ್ವರಿಗೂ ಅಪ್ಪಣೆ ಮಾಡಿದರು. ನಾಲ್ವರು ಹೋದರು, ಸಾಕ್ರೆಟೀಸನು ತನ್ನ ಮನೆಗೆ ಹೋದನು. ಕ್ರಿ. ಪೂ. ೪೦೩ರಲ್ಲಿ ಪ್ರಜಾಪಕ್ಷದವರೊಡನೆ ನಡೆದ ಕಾಳಗದಲ್ಲಿ ಕ್ರಿಟಿಯಸನೂ, ಹಿಂದೆ ಹೇಳಿದ ಚಾರ್ಮಿಡೀಸನೂ ಮಡಿದರು. ಆತ್ಮಜ್ಞಾನದ ಲಕ್ಷಣವನ್ನು ಬಾಯಿಂದ ಹೇಳಬಲ್ಲವನು ಕೈಯಿಂದ ಅದನ್ನು ಕೊಂದನು. ಅರಿವು ಆಚಾರವಾಗದಿದ್ದರೆ ಅದು ಬರಿಯ ನುಡಿಜಾಣ್ಮೆಯೆಂಬುದಕ್ಕೆ ಬೇರೆ ನಿದರ್ಶನವು ಬೇಕಿಲ್ಲ.

ಕ್ರಿ. ಪೂ. ೩೯೯ರಲ್ಲಿ ಮೆಲಿಟಸ್, ಅನಿಟಸ್, ಲೈಕನ್ ಎಂಬ ಮೂವರು ಸಾಕ್ರೆಟೀಸನ ಮೇಲೆ ಆಪಾದನೆಯನ್ನು ತಂದರು. ನಗರದ ದೇವತೆಗಳನ್ನು ಮನ್ನಿಸದೆ ಹೊಸ ದೈವಗಳನ್ನು ತರುತ್ತಾನೆ, ತರುಣರನ್ನು ಕೆಡಿಸುತ್ತಾನೆ ಎಂಬುದೇ ಆ ಆಪಾದನೆಯು. ಹಿಂದಿನ ಅಂತಃಕಲಹದ ಅಪರಾಧಗಳನ್ನು ಮರೆಯಬೇಕೆಂದು ಕ್ರಿ. ಪೂ. ೪೦೩ರಲ್ಲಿ ಪ್ರಮಾಣ ಮಾಡಿದ್ದುದರಿಂದ ಆಪಾದನಾಪತ್ರದಲ್ಲಿ ಆಲ್ಸಿಬಯಡೀಸ, ಕ್ರಿಟಿಯಸರ ಹೆಸರುಗಳು ಬರಲಿಲ್ಲ. ಜನರ ಮನಸ್ಸಿನಲ್ಲಿ ಮಾತ್ರ ಅವು ಇದ್ದೇ ಇದ್ದುವು. ಅರ್ಧಶತಮಾನವು ಕಳೆದ ಮೇಲೆ, ಕ್ರಿ. ಪೂ. ೩೪೫ರಲ್ಲಿ, ಈಸ್ಕಿನೀಸನೆಂಬ ವಾಗ್ಮಿಯು, ಕ್ರಿಟಿಯಸನಿಗೆ ಬೋಧಿಸಿದನೆಂಬ ಕಾರಣದಿಂದಲೇ ನೀವು ಸಾಕ್ರೆಟೀಸನನ್ನು ಕೊಂದಿರೆಂದು ಅಥೆನ್ಸಿನವರ ಎದುರಿನಲ್ಲಿಯೇ ಹೇಳಿದ್ದಾನೆ. ಮೂವತ್ತು ಮತಗಳು ಆಚೆಗೆ ಬಿದ್ದಿದ್ದರೆ ಬಿಡುಗಡೆಯಾಗುತ್ತಿದ್ದ ಆ ಎಪ್ಪತ್ತರ ವೃದ್ಧನು ಮರಣದಂಡನೆಗೆ ಗುರಿಯಾದನು. ಸೆರೆಮನೆಯಿಂದ ತಪ್ಪಿಸಿಕೊಳ್ಳಲು ಮಿತ್ರರು ಮಾಡಿದ ಏರ್ಪಾಡನ್ನು ನಿರಾಕರಿಸಿ ವಿಷವನ್ನು ಕುಡಿದನು.

ಇಲ್ಲಿ ವಿಚಾರಶೀಲರು ನಿಂತು ಆಲೋಚಿಸಬೇಕಾದ ಪ್ರಶ್ನೆಯೊಂದುಂಟು. ಶಿಷ್ಯನು ಕೆಟ್ಟರೆ ಗುರುವು ಹೊಣೆಯೇ? ಝೆನೊಫನನು ಈ ಪ್ರಶ್ನೆಯನ್ನು ಮರೆಮಾಚದೆ ಎತ್ತಿದ್ದಾನೆ. ರಾಜನೀತಿಗಿಂತ ಮೊದಲು ಸಂಯಮವನ್ನು ಕಲಿಸಬೇಕಾಗಿತ್ತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದೆಂದು ತಾನೇ ಹೇಳಿ, ಆತನು ಕೊಡುವ ಸಮಾಧಾನವು ಹೀಗಿದೆ: ಆ ಇಬ್ಬರೂ ಬಂದದ್ದು ಸಾಕ್ರೆಟೀಸನ ಬಾಳನ್ನು ಬಯಸಿ ಅಲ್ಲ, ಆತನ ಮಾತಿನ ಶಕ್ತಿಯನ್ನು ಬಯಸಿ, ಆತನ ಬಳಿಯಿದ್ದಷ್ಟು ಕಾಲ ತಮ್ಮ ದುರಾಶೆಗಳನ್ನು ಹತೋಟಿಯಲ್ಲಿಟ್ಟುಕೊಂಡಿದ್ದರು, ಬಿಟ್ಟುಹೋದ ಮೇಲೆ, ಅಭ್ಯಾಸ ತಪ್ಪಿದ ಮಲ್ಲನ ದೇಹದಂತೆ, ಅವರ ಗುಣವು ಸಡಿಲವಾಯಿತು. ಈ ಸಮಾಧಾನದಲ್ಲಿ ಸತ್ಯಾಂಶವುಂಟು. ಆದರೂ ಅದು ಪೂರ್ಣವಾದುದಲ್ಲ. ತನ್ನ ಅಜ್ಞಾನವನ್ನು ಕಂಡವನು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯಬಹುದು. ವಿನಯದಿಂದ ಕಲಿಯಲು ಕೂಡಬಹುದು, ಅಥವಾ ಯಾರಿಗೂ ಏನೂ ತಿಳಿದಿಲ್ಲವೆಂದು ಅಹಂಕಾರವನ್ನು ಇಮ್ಮಡಿಸಿಕೊಳ್ಳಬಹುದು. ಪ್ರಶ್ನಿಸುವ ವಿದ್ಯೆಯು ಅಪಕ್ವ ತರುಣರ ಕೈಗೆ ಬಂದರೆ ಅವರು ನಾಯಿಮರಿಗಳು ಬಟ್ಟೆಯನ್ನು ಜಗ್ಗುವಂತೆ ಎಲ್ಲವನ್ನೂ ಜಗ್ಗಿ ಹರಿಯುವರೆಂದು ಪ್ಲೇಟೋವೇ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಒಪ್ಪಿದ್ದಾನೆ. ಸ್ವಂತ ಗುರುವಿನ ಮಾರ್ಗದಲ್ಲಿರುವ ಅಪಾಯವನ್ನು ಶಿಷ್ಯನು ಹೀಗೆ ಕಂಡುಕೊಂಡದ್ದು ಗುರುದ್ರೋಹವಲ್ಲ. ಅದೇ ನಿಜವಾದ ಗುರುಸೇವೆಯು.

ಆ ಕಾರಣದಿಂದಲೇ ಪ್ಲೇಟೋ ತನ್ನ ಆದರ್ಶರಾಜ್ಯದಲ್ಲಿ ಆಳತಕ್ಕವರಿಗೆ ದೀರ್ಘವಾದ ಸಾಧನೆಯನ್ನು ವಿಧಿಸಿದನು. ಇಪ್ಪತ್ತರಿಂದ ಮೂವತ್ತರವರೆಗೆ ಗಣಿತಾದಿ ಶಾಸ್ತ್ರಗಳು, ಆಮೇಲೆ ಐದು ವರ್ಷ ತತ್ತ್ವವಿಚಾರ, ಅನಂತರ ಹದಿನೈದು ವರ್ಷ ಲೋಕವ್ಯವಹಾರದ ಸೇವೆ. ಐವತ್ತಾದ ಮೇಲೆ ಪರಮಶ್ರೇಯಸ್ಸಿನ ದರ್ಶನ. ಅಧಿಕಾರವನ್ನು ಬಯಸದವರೇ ಅಧಿಕಾರಕ್ಕೆ ಅರ್ಹರೆಂದು ಆತನ ಸಿದ್ಧಾಂತವು. ಆತನ ಹೆಸರಿನ ಏಳನೆಯ ಪತ್ರವು (ಇದರ ಕರ್ತೃತ್ವದಲ್ಲಿಯೂ ಮತಭೇದವುಂಟು) ತಿಳಿಸುವಂತೆ, ಯೌವನದಲ್ಲಿ ಆತನಿಗೂ ರಾಜ್ಯಾಕಾಂಕ್ಷೆಯಿದ್ದಿತು; ಬಂಧುಗಳಾದ ಪ್ರಜಾಪೀಡಕರ ಕೃತ್ಯಗಳನ್ನೂ, ಗುರುವಿನ ಕೊಲೆಯನ್ನೂ ಕಂಡು ಅದು ಆರಿತು. ಸಿರಾಕ್ಯೂಸಿನ ಎರಡನೆಯ ಡಯೊನೀಸಿಯಸನನ್ನು ತತ್ತ್ವಜ್ಞಾನಿಯಾದ ಅರಸನನ್ನಾಗಿ ಮಾಡಲು ಕ್ರಿ. ಪೂ. ೩೬೭ರಲ್ಲಿಯೂ ೩೬೧ರಲ್ಲಿಯೂ ಆತನು ಕಡಲನ್ನು ದಾಟಿದನು; ಎರಡು ಸಲವೂ ವಿಫಲನಾದನು. ಆತನ ಪ್ರಿಯಶಿಷ್ಯನಾದ ಡಯೋನನು ಕ್ರಿ. ಪೂ. ೩೫೭ರಲ್ಲಿ ಆ ನಗರವನ್ನು ಗೆದ್ದು, ಕ್ರಿ. ಪೂ. ೩೫೪ರಲ್ಲಿ ಸ್ವಂತ ಸಂಗಡಿಗನ ಸಂಚಿನಿಂದ ಹತನಾದನು. ಗುರುವು ಎಷ್ಟೇ ಮಹಾತ್ಮನಾಗಿರಲಿ, ತನ್ನ ಅರಿವನ್ನು ಪಾತ್ರೆಯಿಂದ ಪಾತ್ರೆಗೆ ನೀರನ್ನು ಸುರಿಯುವಂತೆ ಶಿಷ್ಯನೊಳಗೆ ಸುರಿಯಲಾರನು. ಆತನು ಎದುರಿನ ಕಣ್ಣಾಗಿ ನಿಲ್ಲಬಲ್ಲನು, ನೋಡಬೇಕಾದವನು ಶಿಷ್ಯನು.

ಆಲ್ಸಿಬಯಡೀಸನ ಹೆಸರಿನ ಆ ಸಂವಾದಕ್ಕೆ ಕಾಲಾಂತರದಲ್ಲಿ ದೊಡ್ಡ ಗೌರವವು ಸಂದಿತು. ಕ್ರಿ. ಶ. ೩-೪ನೆಯ ಶತಮಾನಗಳಲ್ಲಿದ್ದ ಐಯಾಂಬ್ಲಿಕಸನೆಂಬ ಆಚಾರ್ಯನು ಪ್ಲೇಟೋವಿನ ಗ್ರಂಥಗಳನ್ನು ಓದತಕ್ಕ ಕ್ರಮವನ್ನು ಗೊತ್ತುಪಡಿಸಿ, ಇದನ್ನೇ ಮೊದಲಿಗೆ ಇಟ್ಟನು. ಅಥೆನ್ಸಿನಲ್ಲಿ ೫ನೆಯ ಶತಮಾನದ ಪ್ರಾಕ್ಲಸನೂ, ಅಲೆಕ್ಸಾಂಡ್ರಿಯಾದಲ್ಲಿ ೬ನೆಯ ಶತಮಾನದ ಒಲಿಂಪಿಯೊಡೋರಸನೂ ಇದಕ್ಕೆ ಬರೆದ ವ್ಯಾಖ್ಯಾನಗಳು ಉಳಿದುಬಂದಿವೆ. ವಿದ್ಯಾಲಯದ ಹೊಸ್ತಿಲನ್ನು ದಾಟುವ ಪ್ರತಿಯೊಬ್ಬ ತರುಣನೂ ಮೊದಲು ಆ ಸೋತ ಶಿಷ್ಯನ ಮುಖವನ್ನು ನೋಡಿಯೇ ಒಳಕ್ಕೆ ಹೋಗಬೇಕಾಗಿದ್ದಿತು.

ಮಹೋತ್ಸವದ ಕಾಲದಲ್ಲಿ ಕಳೆದ ವರ್ಷಗಳ ಲೆಕ್ಕವನ್ನು ತೆಗೆಯುವುದು ವಾಡಿಕೆ. ಕಟ್ಟಿದ ಮಂದಿರ, ತೆರೆದ ಪಾಠಶಾಲೆ, ನಡೆಸಿದ ದಾಸೋಹ, ಕೂಡಿದ ಭಕ್ತಸಮೂಹ, ಇವೆಲ್ಲವೂ ಸಂತೋಷವನ್ನುಂಟುಮಾಡತಕ್ಕವುಗಳೇ. ಗ್ರೀಕ್ ಜ್ಞಾನಿಯ ಎಣಿಕೆಯಲ್ಲಿ ಇವು ತನ್ನದು ಮತ್ತು ತನ್ನದರದು ಎಂಬ ಎರಡು ಅಂಕಣಗಳಿಗೆ ಸೇರುತ್ತವೆ. ತಾನು ಎಂಬ ಮೊದಲನೆಯ ಅಂಕಣದಲ್ಲಿ ಏನು ಜಮೆಯಾಗಿದೆ ಎಂಬುದನ್ನು ಸಂಖ್ಯೆಯಿಂದ ಬರೆಯಲಾಗುವುದಿಲ್ಲ. ಊರಿನ ಪಂಚಾಯತಿಯಲ್ಲಿಯೋ, ಸಂಘಸಂಸ್ಥೆಗಳಲ್ಲಿಯೋ, ಶಾಸನಸಭೆಯಲ್ಲಿಯೋ ನಮ್ಮಲ್ಲೊಬ್ಬನು ಹತ್ತು ಜನರ ಮೇಲೆ ಅಧಿಕಾರವನ್ನು ಪಡೆದಾಗ ಅದು ತಾನೇ ಹೊರಬೀಳುತ್ತದೆ. ಅಂತಹ ಸ್ಥಾನವನ್ನು ಏರುವ ಶಿಷ್ಯನು ಏರುವ ಮುನ್ನ ಒಮ್ಮೆ ಗುರುವಿನ ಎದುರಿಗೆ ಕುಳಿತು, ನಾನು ಯಾವುದನ್ನು ಬಲ್ಲೆನು, ಯಾವುದನ್ನು ಬಲ್ಲೆನೆಂದು ಬರಿದೆ ಭಾವಿಸಿದ್ದೇನೆ ಎಂದು ಕೇಳಿಕೊಂಡರೆ, ಆ ದೂರದ ನಗರದಲ್ಲಿ ವಿಷವನ್ನು ಕುಡಿದ ವೃದ್ಧನ ಶ್ರಮವು ಇಲ್ಲಿಯೂ ಫಲಿಸಿದಂತಾಗುವುದು. ಹಾಗೆ ಕೇಳಿಕೊಳ್ಳುವ ಧೈರ್ಯವನ್ನು ಶ್ರೀಗುರುವು ನಮ್ಮೆಲ್ಲರಿಗೂ ಕರುಣಿಸಲಿ.